ಹಲಗೆಯ ಅಂಚಿನಿಂದ ಮೂರು ಮೀಟರ್

ಜೂನ್ ೯

ಮೊಂಡಾ,

ಅಪ್ಪನನ್ನು ಮಣ್ಣು ಮಾಡಿ ಊರಿಗೆ ಮರಳಿ ಒಂದು ವಾರವಾಯಿತು. ಈ ವಾರದಲ್ಲಿ ನಿನಗೆ ಏಳು ಸಲ ಫೋನ್ ಮಾಡಿದ್ದೇನೆ. ಐದು ಸಲ ನೀನು ಎತ್ತಲಿಲ್ಲ. ಎರಡು ಸಲ ಎತ್ತಿ, ನಾನು ಬಾಯಿ ತೆರೆಯುವ ಮೊದಲೇ "ತಗೋ, ಅಮ್ಮಂಗೆ ಕೊಡ್ತೀನಿ" ಎಂದು ಜಾರಿಕೊಂಡೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಬಾಯಲ್ಲಿ ಹೇಳಿದ್ದಕ್ಕೆ ನೀನು "ನಾನೆಲ್ಲಿ ಹಂಗಂದೆ?" ಎನ್ನಬಹುದು. ಬರೆದು ಕೊಟ್ಟದ್ದಕ್ಕೆ ಹಾಗೆನ್ನಲು ಬರುವುದಿಲ್ಲ.

ಕೆಲಸಗಾರರ ಸುರಕ್ಷತೆಯ ಕಚೇರಿಯಿಂದ ನನಗೊಂದು ಲಕೋಟೆ ಬಂದಿದೆ. ನೀರಿನ ಟ್ಯಾಂಕಿಗೆ ಬಣ್ಣ ಬಳಿಯುತ್ತಿದ್ದ ಅಪ್ಪ ಮೇ ೨೮ರ ಬೆಳಗ್ಗೆ ಒಂಬತ್ತೂ ಕಾಲಿಗೆ ಕಾಲು ಜಾರಿ ಬಿದ್ದ, ಮೇಲೆ ಜೊತೆಯಲ್ಲಿದ್ದವನು ಮಗ ಒಬ್ಬನೇ, ಹೇಳಿಕೆ ಕೊಟ್ಟವನೂ ಅವನೇ ಎಂದು ಅದರಲ್ಲಿದೆ. ಹಿರಿಯ ಮಗಳಾದ ನಾನು "ಆಕ್ಷೇಪಣೆ ಇಲ್ಲ" ಎಂದು ಸಹಿ ಹಾಕಿ ಕಳಿಸಿದರೆ ಕಡತ ಮುಚ್ಚುತ್ತಾರಂತೆ. ಹಾಕದಿದ್ದರೆ ಪೊಲೀಸರಿಗೆ ಹೋಗುತ್ತದೆ. ಆಗಸ್ಟ್ ಕೊನೆಯವರೆಗೆ ಸಮಯವಿದೆ. "ಹಾಕಿ ಕಳಿಸಿಬಿಡೇ, ಹೋದವರು ಬರ್ತಾರಾ?" ಎಂದರು ನಿನ್ನ ಭಾವ. ನಾನೂ ಪೆನ್ನು ತೆಗೆದೆ. ಆಮೇಲೆ ಹಿಂದಿನ ಪುಟದ ನಕ್ಷೆ ಕಣ್ಣಿಗೆ ಬಿತ್ತು.

ನೆಲದಿಂದ, ಬಣ್ಣ ಬಳಿಯಲು ಟ್ಯಾಂಕಿನ ಸುತ್ತ ಕಟ್ಟಿದ್ದ ಹಲಗೆಗೆ ಇಪ್ಪತ್ತು ಮೀಟರ್. ಹಲಗೆಯ ಹೊರ ಅಂಚಿನಿಂದ ತೂಕದ ಗುಂಡು ಇಳಿಬಿಟ್ಟರೆ ಅದು ಮುಟ್ಟುವ ಜಾಗಕ್ಕೂ ಅಪ್ಪ ಬಿದ್ದ ಜಾಗಕ್ಕೂ ನಡುವೆ ಮೂರು ಮೀಟರ್. ಮೆದು ಮಣ್ಣು, ಬಿದ್ದಲ್ಲೇ ಗುರುತು ಮೂಡಿದೆ, ದೇಹ ಉರುಳಿಲ್ಲ ಎಂದು ಅಧಿಕಾರಿ ಬರೆದಿದ್ದಾರೆ.

ಮೂರು ಮೀಟರ್ ಎಂದರೆ ನಮ್ಮ ಮನೆಯ ಹಜಾರದ ಅಗಲ. ಕಾಲು ಜಾರಿದವನು ಅಷ್ಟು ದೂರ ಹೇಗೆ ಹೋದ? ನೀನು ಎಲ್ಲಿದ್ದೆ, ಅಪ್ಪ ಎಲ್ಲಿದ್ದ, ಕಂಡದ್ದನ್ನು ಕಂಡ ಹಾಗೆ ಬರೆ.

ಅಕ್ಕ

*

ಜೂನ್ ೨೦

ಅಕ್ಕಾ,

ಕಾಗದ ಬಂತು. ಎಡ ಭುಜದಲ್ಲಿ ಮೂಳೆ ಸೀಳಿದೆ, ಕೈಗೆ ಜೋಳಿಗೆ ಕಟ್ಟಿದ್ದಾರೆ. ಹಾಳೆ ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲ, ಅದಕ್ಕೇ ಅಕ್ಷರ ಹೀಗೆ. ಅವತ್ತು ಅಪ್ಪನ ಹತ್ತಿರ ಓಡುವ ಗಾಬರಿಯಲ್ಲಿ ಏಣಿಗೆ ಬಡಿದುಕೊಂಡೆ.

ಹೇಳುವುದು ಏನೂ ಇಲ್ಲ. ಹಲಗೆ ಮೇಲೆ ಬಣ್ಣ ಚೆಲ್ಲಿತ್ತು. ಕಾಲು ಜಾರಿತು. ಬಿದ್ದ. ನಾನು ಆಚೆ ತಿರುಗಿಕೊಂಡಿದ್ದೆ, ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಳಿಯೂ ಇತ್ತು, ಅದಕ್ಕೇ ದೂರ ಹೋಗಿರಬೇಕು.

ನೀನು ಮಕ್ಕಳಿಗೆ ಪಾಠ ಹೇಳುವವಳು, ಎಲ್ಲದರಲ್ಲೂ ನಿನಗೆ ಲೆಕ್ಕ ಕಾಣಿಸುತ್ತದೆ. ಇದನ್ನು ಬಿಡು. ಸಹಿ ಹಾಕಿ ಕಳಿಸು. ಅಮ್ಮ ಊಟ ಮಾಡುತ್ತಿದ್ದಾಳೆ, ಮಲಗುತ್ತಿದ್ದಾಳೆ. ಅವಳ ಹತ್ತಿರ ಈ ನಕ್ಷೆ ಗಿಕ್ಷೆ ಎತ್ತಬೇಡ.

ತಮ್ಮ

*

ಜೂನ್ ೨೭

ಮೊಂಡಾ,

ಕಂಡದ್ದೆಲ್ಲ ಬರೆ ಎಂದರೆ ನೀನು ಹನ್ನೆರಡು ಸಾಲು ಬರೆದೆ. ಅದರಲ್ಲೂ "ಇದನ್ನು ಬಿಡು, ಸಹಿ ಹಾಕಿ ಕಳಿಸು". ನಿನಗೇಕಪ್ಪಾ ಇಷ್ಟು ಅವಸರ?

ಈ ವಾರ ಒಂಬತ್ತನೇ ತರಗತಿಗೆ ಬೀಳುವ ವಸ್ತುಗಳ ಪಾಠ ಬಂದಿದೆ. ನಾನಾಗಿ ಆರಿಸಿಕೊಂಡದ್ದಲ್ಲ, ಪಠ್ಯದಲ್ಲಿ ಸರದಿಯಂತೆ ಬಂತು. ಮೊದಲ ಸಾಲಿನ ಜಡೆಯ ಹುಡುಗಿ "ಭಾರ ಇರೋದು ಮೊದಲು ಬೀಳುತ್ತೆ ಮಿಸ್" ಎಂದು ಹಟ ಹಿಡಿದಳು. ಎಲ್ಲರನ್ನೂ ಮಹಡಿಯ ಮೊಗಸಾಲೆಗೆ ಕರೆದುಕೊಂಡು ಹೋದೆ. ಕಬ್ಬಿಣದ ಗುಂಡು, ರಬ್ಬರ್ ಚೆಂಡು ಎರಡನ್ನೂ ಒಟ್ಟಿಗೆ ಬಿಟ್ಟೆವು. ಟಪ್ ಎಂದು ಒಂದೇ ಸದ್ದು. ಆಮೇಲೆ ಒಂದು ಚೆಂಡನ್ನು ನೇರ ಕೆಳಕ್ಕೆ ಬಿಟ್ಟು, ಇನ್ನೊಂದನ್ನು ಅದೇ ಕ್ಷಣಕ್ಕೆ ಕಟ್ಟೆಯ ಮೇಲಿಂದ ಉರುಳಿಸಿದೆವು. ಉರುಳಿದ್ದು ಅಂಗಳದ ನಡುವಿಗೆ ಹೋಗಿ ಬಿತ್ತು, ಬಿಟ್ಟದ್ದು ಗೋಡೆಯ ಬುಡದಲ್ಲಿ. ಆದರೆ ಸದ್ದು ಮತ್ತೆ ಒಂದೇ. ಮಕ್ಕಳು ಹೋ ಎಂದು ಕೂಗಿದರು. ಪಕ್ಕಕ್ಕೆ ಹೋಗುವುದರ ಗೊಡವೆ ಕೆಳಕ್ಕೆ ಬೀಳುವುದಕ್ಕಿಲ್ಲ ಎಂದು ತರಗತಿಗೆ ಮರಳಿ ಕರಿಹಲಗೆಯ ಮೇಲೆ ಬರೆದೆ. ಬರೆಯುತ್ತಿದ್ದ ಹಾಗೇ ಆ ನಕ್ಷೆ ನೆನಪಾಯಿತು.

ಇಪ್ಪತ್ತು ಮೀಟರ್ ಬೀಳಲು ಎರಡು ಸೆಕೆಂಡ್ ಬೇಕು. ನೀನು ಬಿದ್ದರೂ, ನಾನು ಬಿದ್ದರೂ, ಬಕೆಟ್ ಬಿದ್ದರೂ ಅಷ್ಟೇ. ಆ ಎರಡು ಸೆಕೆಂಡಿನಲ್ಲಿ ಅಪ್ಪ ಪಕ್ಕಕ್ಕೆ ಮೂರು ಮೀಟರ್ ಹೋಗಿದ್ದಾನೆ. ಅಂದರೆ ಹಲಗೆ ಬಿಡುವಾಗಲೇ ಅವನಿಗೆ ಹೊರಕ್ಕೆ ಸೆಕೆಂಡಿಗೆ ಒಂದೂವರೆ ಮೀಟರ್ ವೇಗವಿತ್ತು. ಬಸ್ಸು ತಪ್ಪುತ್ತದೆಂದು ನಾವು ದಾಪುಗಾಲು ಹಾಕುವ ವೇಗ ಅದು. ಕಾಲು ಜಾರಿದವನಿಗೆ ಅಷ್ಟು ವೇಗ ಕೊಡುವವರು ಯಾರು? ಜಾರಿದವನು ಅರ್ಧ ಮೀಟರ್, ಹೆಚ್ಚೆಂದರೆ ಒಂದು ಮೀಟರಿನೊಳಗೆ ಬೀಳುತ್ತಾನೆ.

ಗಾಳಿ ಎಂದೆಯಲ್ಲ, ಆ ಹೂವನ್ನು ಬೇರೆಯವರ ಕಿವಿಗೆ ಇಡು. ಮಣ್ಣಿಗೆ ಬಂದವರ ಮುಂದೆ ನೀನೇ ಹೇಳಿದ್ದೆ, ಅವತ್ತು ಒಂದು ಎಲೆ ಅಲ್ಲಾಡುತ್ತಿರಲಿಲ್ಲ, ಬಣ್ಣದ ವಾಸನೆ ಮೇಲೇ ನಿಂತು ತಲೆ ಸುತ್ತುತ್ತಿತ್ತು ಎಂದು. ನಾನು ಪಕ್ಕದಲ್ಲೇ ಕೂತಿದ್ದೆ.

ಇನ್ನೊಂದು. ಬೀಳದಂತೆ ಅಪ್ಪನ ಸೊಂಟದ ಬೆಲ್ಟನ್ನು ಟ್ಯಾಂಕಿನ ಗೋಡೆಗೆ ಬಿಗಿಯುವ ಹಗ್ಗ ಹರಿದಿಲ್ಲ, ಅದರ ಹುಕ್ಕು ಮುರಿದಿಲ್ಲ. ಹುಕ್ಕು ಬಿಚ್ಚಿದೆ, ಕೈಯಿಂದ ಬಿಚ್ಚಿದ್ದು ಎಂದು ವರದಿ ಹೇಳುತ್ತದೆ. ನಾವು ಚಿಕ್ಕವರಿದ್ದಾಗ, ಕೆಲಸದಲ್ಲಿ ಎಡಗೈಯ ಕಿರುಬೆರಳು ಕಳೆದುಕೊಂಡ ಮೇಲಂತೂ, ಅಟ್ಟ ಹತ್ತಲು ಸ್ಟೂಲು ಏರಿದರೂ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದ ಮನುಷ್ಯ ಅವನು. ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲವೇ? ಹುಕ್ಕು ಹಾಕಿದವನು "ಹಾಕ್ದೆ" ಎಂದು ಕೂಗಬೇಕು, ಜೊತೆಯವನು "ಕೇಳ್ತು" ಎನ್ನಬೇಕು, ಆಮೇಲೆಯೇ ಬ್ರಶ್ಶು ಎತ್ತಬೇಕು. ಕೆಳಗೆ ಬಣ್ಣ ಕಲಸುತ್ತಿದ್ದ ಬಣ್ಣದಯ್ಯ ಟ್ಯಾಂಕಿನ ಹೊಟ್ಟೆಯ ಅಡಿಯಲ್ಲಿದ್ದನಂತೆ, ಮೇಲಿನದು ಅವನಿಗೆ ಕಂಡಿಲ್ಲ. ಆದರೆ ಇಬ್ಬರ "ಹಾಕ್ದೆ"ಯೂ ಇಬ್ಬರ "ಕೇಳ್ತು"ವೂ ಅವನ ಕಿವಿಗೆ ಬಿದ್ದಿವೆ. ಹೀಗೆ ಹಾಕಿದ ಹುಕ್ಕನ್ನು ಬಿಚ್ಚಿದ್ದು ಯಾರ ಕೈ?

ಅಪ್ಪನೇ ಹಾರಿದನೇ? ಆ ಮಾತು ಬರೆಯಬಾರದು. ಆದರೂ ಕೇಳುತ್ತೇನೆ. ಹಿಂದಿನ ದಿನವೇ ನನಗೆ ಫೋನ್ ಮಾಡಿ, ಕನ್ನಡಕ ಬದಲಿಸಬೇಕು, ಬರುವ ತಿಂಗಳು ನಿಮ್ಮಲ್ಲಿಗೆ ಬರ್ತೀನಿ, ಒಳ್ಳೆ ಡಾಕ್ಟರ್ ನೋಡಿಡು ಎಂದವನು ಮಾರನೇ ಬೆಳಗ್ಗೆ ಹಾರುತ್ತಾನೆಯೇ?

ಹಿಂದಿನ ರಾತ್ರಿ ನಿಮ್ಮಿಬ್ಬರಿಗೂ ಜೋರು ಜಗಳವಾಯಿತೆಂದು ಅಮ್ಮ ಫೋನಿನಲ್ಲಿ ಹೇಳಿ ತಕ್ಷಣ ಮಾತು ತಿರುಗಿಸಿದಳು. ಏನು ಜಗಳ?

ಅಕ್ಕ

*

ಜುಲೈ ೧೫

ಅಕ್ಕಾ,

ಉತ್ತರ ತಡವಾಯಿತು. ಬರೆಯಬಾರದು ಎಂದೇ ಇದ್ದೆ.

ಜಗಳವಂತೆ ಜಗಳ! ಯಾವ ಮನೆಯಲ್ಲಿ ಅಪ್ಪ ಮಗ ಬೈದಾಡುವುದಿಲ್ಲ? ಬಂದರಿನಲ್ಲಿ ಹಡಗಿಗೆ ಬಣ್ಣ ಬಳಿಯುವ ಕೆಲಸ ಇದೆ, ಹೋಗುತ್ತೇನೆ ಎಂದೆ. "ಟ್ಯಾಂಕಿನ ಈ ಮಗ್ಗಲು ಮುಗಿಸಿ ಹೋಗು, ಅರ್ಧಕ್ಕೆ ಬಿಟ್ಟು ಹೋಗೋನು ಪೇಂಟರ್ ಅಲ್ಲ" ಎಂದ. ನಾನೂ ಏನೋ ಅಂದೆ. ಮುಗಿಯಿತು. ಬೆಳಗ್ಗೆ ಎದ್ದು ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದೆವು.

ನಿನ್ನ ಮೂರು ಮೀಟರ್ ಕೂಡ ಸರಿ ಇಲ್ಲ. ನಮ್ಮ ಟೇಪಿನ ತುದಿ ತುಂಡಾಗಿದೆ, ಮೊದಲ ಒಂದೂವರೆ ಮೀಟರ್ ಇಲ್ಲವೇ ಇಲ್ಲ. ಅಧಿಕಾರಿ ಅದರಲ್ಲೇ ಅಳೆದರು. ಓದಿದ್ದರಲ್ಲಿ ಒಂದೂವರೆ ಕಳೆಯಬೇಕು ಎಂದು ಅವರಿಗೇನು ಗೊತ್ತು? ಕಳೆದು ನೋಡು, ನಿನ್ನ ಲೆಕ್ಕ ಎಲ್ಲಿ ಹೋಗುತ್ತದೆ ಅಂತ.

ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಬೀಳುವುದು ಸುಲಭ. ಮೇಲೆ ನಿಂತಿದ್ದವನು ನಾನು. ಅಪ್ಪ ಹಾರಲಿಲ್ಲ. ಅದೊಂದು ಬರೆದುಕೊಡುತ್ತೇನೆ, ಬೇಕಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕು. ಇನ್ನು ಮೇಲೆ ನನ್ನನ್ನು ಏನೂ ಕೇಳಬೇಡ.

ತಮ್ಮ

*

ಜುಲೈ ೨೨

ತಮ್ಮಾ,

ನಿನ್ನ ಕಾಗದ ಓದಿದ ದಿನ ಒಂದು ಗಳಿಗೆ ನನಗೆ ಹಾಯೆನಿಸಿತು. ಟೇಪು ತುಂಡಾಗಿದ್ದರೆ ದೂರ ಒಂದೂವರೆ ಮೀಟರಿಗೆ ಇಳಿಯುತ್ತದೆ, ವೇಗವೂ ಅರ್ಧವಾಗುತ್ತದೆ, ಕಾಲು ಜಾರಿದ್ದೇ ಇರಬಹುದು, ನಾನೇ ಹುಚ್ಚಿ ಎಂದುಕೊಂಡೆ. ನಿನ್ನ ಭಾವನಿಗೂ ಹಾಗೇ ಹೇಳಿದೆ. ಸಹಿ ಹಾಕುವ ಮೊದಲು ಆ ಅಧಿಕಾರಿಗೆ ಒಂದು ಫೋನ್ ಮಾಡಿದೆ.

"ಟೀಚರ್, ಬೇರೆಯವರ ಟೇಪಲ್ಲಿ ನಾವು ಅಳೆಯೋದಿಲ್ಲ. ನಮ್ಮದೇ ಉಕ್ಕಿನ ಟೇಪು, ಸೀಲ್ ಇರೋದು. ಎರಡು ಸಲ ಅಳ್ದಿದೀವಿ," ಎಂದರು ಅವರು.

ಕಣ್ಣಿಗೆ ಮಣ್ಣೆರಚಲು ನಿನಗೆ ಅಕ್ಕನೇ ಬೇಕಿತ್ತೇ? ಚಿಕ್ಕಂದಿನಲ್ಲಿ ನೀನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಕಾಗದದಲ್ಲಿ ಕಿವಿ ಕಾಣುವುದಿಲ್ಲ ಎಂದು ಧೈರ್ಯವೇನೋ.

ಇಷ್ಟು ದಿನ ನನ್ನ ತಲೆಯಲ್ಲಿದ್ದದ್ದನ್ನು ಇವತ್ತು ಬರೆದುಬಿಡುತ್ತೇನೆ. ನೀನು ಒಬ್ಬರನ್ನು ತಳ್ಳಿದರೆ, ನೀನು ಕೊಟ್ಟಷ್ಟೇ ಬಲ ನಿನಗೂ ಹಿಂದಕ್ಕೆ ಬರುತ್ತದೆ. ತಳ್ಳಿದವನೂ ಹಿಂದಕ್ಕೆ ಹೋಗುತ್ತಾನೆ. ಅಪ್ಪ ಅರವತ್ತು ಕೆಜಿ, ಹೊರಕ್ಕೆ ಒಂದೂವರೆ ಮೀಟರ್ ವೇಗ. ನೀನು ಎಪ್ಪತ್ತೆರಡು ಕೆಜಿ. ನೀನು ಒಳಕ್ಕೆ ಸೆಕೆಂಡಿಗೆ ಒಂದೂ ಕಾಲು ಮೀಟರ್ ವೇಗದಲ್ಲಿ ಹೋಗಿ ಟ್ಯಾಂಕಿನ ಗೋಡೆಗೆ ಬಡಿಯಬೇಕು. ಗೋಡೆಯ ಮೇಲೆ ಕಬ್ಬಿಣದ ಬಳೆಗಳಿವೆ. ಬೆನ್ನು ಬಡಿದರೆ ಭುಜದ ಹಲಗೆ ಮೂಳೆ ಸೀಳುತ್ತದೆ. ಏಣಿ ಇಳಿಯುವಾಗ ಏಣಿ ನಿನ್ನ ಎದುರಿಗೆ ಇರುತ್ತದೆ, ಬೆನ್ನಿಗಲ್ಲ. ಹಿಂದಿನ ಮೂಳೆ ಸೀಳಿದ್ದು ಹೇಗೆ? ನಿನ್ನ ಎಕ್ಸ್‌ರೇ ನೋಡಿದ ಡಾಕ್ಟರ್ ಹಿಂದಿನ ಮೂಳೆಯೇ ಎಂದರೆಂದು ಅಮ್ಮನಿಂದ ಕೇಳಿ ತಿಳಿದೆ, ಅವಳಿಗೆ ಅನುಮಾನ ಬಾರದ ಹಾಗೆ.

ನಿನ್ನ ಹುಕ್ಕು ಹಾಕಿತ್ತು. ಬಣ್ಣದಯ್ಯ ನಿನ್ನ "ಹಾಕ್ದೆ" ಕೇಳಿದ್ದಾನೆ. ನೀನು ಬೀಳುವ ಹಾಗಿರಲಿಲ್ಲ. ಅಪ್ಪನ ಹುಕ್ಕು ಬಿಚ್ಚಿತ್ತು. ಮೇಲೆ ಇದ್ದವರು ಇಬ್ಬರೇ. ಹಿಂದಿನ ರಾತ್ರಿ ಜಗಳ.

ಅಪ್ಪನನ್ನು ನೀನು ತಳ್ಳಿದೆ.

ಈ ಸಾಲು ಬರೆದ ಮೇಲೆ ಹೊಡೆದು ಹಾಕೋಣ ಎನಿಸಿತು, ಕೈ ಬರಲಿಲ್ಲ. ಬೇಕೆಂದು ತಳ್ಳಿದೆಯೋ, ಮಾತಿಗೆ ಮಾತು ಬೆಳೆದು ಸಿಟ್ಟಿನಲ್ಲಿ ಕೈ ಮುಂದಾಯಿತೋ ನನಗೆ ಗೊತ್ತಿಲ್ಲ. ನಿನ್ನ ಬಾಯಿಂದಲೇ ಕೇಳಬೇಕು. ಇಲ್ಲವೆನ್ನುವುದಾದರೆ ಇಲ್ಲವೆಂದು ಬರೆ, ಆದರೆ ಹೇಗೆ ಇಲ್ಲ ಎಂದೂ ಬರೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಆಮೇಲೆ ಈ ಲೆಕ್ಕ ಅಧಿಕಾರಿಗೆ ಹೋಗುತ್ತದೆ.

ಅಕ್ಕ

*

ಆಗಸ್ಟ್ ೬

ತಿಂಗಳು ಮುಗಿದು ಆರು ದಿನವಾಯಿತು. ನಿನ್ನಿಂದ ಒಂದು ಸಾಲಿಲ್ಲ. ತಪ್ಪಿಲ್ಲದವನು ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾನೆಯೇ?

ಇವತ್ತು ಲೆಕ್ಕದ ಮೂರು ಹಾಳೆ, ನಿನ್ನ ಎರಡು ಕಾಗದಗಳ ನಕಲು, ಎಲ್ಲವನ್ನೂ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಆಕ್ಷೇಪಣೆ ಇದೆ ಎಂದು ಬರೆದು ಸಹಿ ಹಾಕಿದೆ. ಅಂಚೆಯವಳು ರಸೀತಿ ಕೊಡುವಾಗ "ತುಂಬಾ ಮುಖ್ಯವಾದ್ದಾ ಮೇಡಂ?" ಎಂದಳು. ರಸೀತಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅಮ್ಮನಿಗೆ ನಾನು ಹೇಳಿಲ್ಲ. ಅದು ನಿನ್ನ ಪಾಲಿನದು.

ಅಕ್ಕ

*

ಆಗಸ್ಟ್ ೧೯

ಅಕ್ಕಾ,

ಹದಿನಾಲ್ಕನೇ ತಾರೀಕು ಪೊಲೀಸರು ಬಂದರು. ಇಬ್ಬರು. ಮರ್ಯಾದೆಯಿಂದಲೇ ಮಾತಾಡಿದರು. ಠಾಣೆಗೆ ಕರೆದುಕೊಂಡು ಹೋಗಿ ನಿನ್ನ ಮೂರು ಹಾಳೆ ಮುಂದಿಟ್ಟು, "ನಿಮ್ಮಕ್ಕ ಬರ್ದಿರೋದು ಸರೀನಾ?" ಎಂದು ಕೇಳಿದರು. ನಿನ್ನ ಅಕ್ಷರ ನೋಡಿದೆ. ದುಂಡಗೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದು. ಸರಿ ಎಂದೆ. ಇನ್ನೇನೂ ಹೇಳಲಿಲ್ಲ. ಊರು ಬಿಡಬಾರದು, ಇಪ್ಪತ್ತೆಂಟಕ್ಕೆ ಮತ್ತೆ ಬರಬೇಕು ಎಂದು ಕಳಿಸಿದರು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನು ಹೇಳ್ದೆ?" ಎಂದಳು. ಏನೂ ಇಲ್ಲ ಎಂದೆ. ಒಳಗೆ ಹೋಗಿ ಅವಳ ಟ್ರಂಕಿನ ತಳದಿಂದ ನನ್ನ ಅಂಗಿ ತಂದು ಮಂಚದ ಮೇಲೆ ಹರವಿದಳು. ಆ ಅಂಗಿಯನ್ನು ನಾನು ಅವತ್ತೇ ಕಟ್ಟಿಗೆ ರಾಶಿಯ ಹಿಂದೆ ತುರುಕಿದ್ದೆ. ಜೂನಿನಲ್ಲೇ ಅವಳಿಗೆ ಸಿಕ್ಕಿತ್ತಂತೆ. ಎರಡು ತಿಂಗಳು ತುಟಿ ಪಿಟಕ್ಕೆನ್ನದೆ ಇಟ್ಟುಕೊಂಡಿದ್ದಾಳೆ. "ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ ಕಣೋ," ಎಂದಳು.

ಅದನ್ನೇ ಈ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಎದೆಯ ಮೇಲೆ ಬೂದು ಬಣ್ಣದಲ್ಲಿ ಎರಡು ಅಂಗೈ ಇವೆ ನೋಡು. ಬಲಗೈಯಲ್ಲಿ ಐದು ಬೆರಳು. ಎಡಗೈಯಲ್ಲಿ ನಾಲ್ಕೇ. ಕಿರುಬೆರಳು ಇಲ್ಲದ ಆ ಎಡಗೈ ಯಾರದೆಂದು ನಿನಗೆ ಹೇಳಬೇಕಾಗಿಲ್ಲ.

ಅಕ್ಕಾ, ನಿನ್ನ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ತಳ್ಳಿದ್ದು ನಿಜ. ಹೊರಕ್ಕೆ ಒಬ್ಬ ಹೋದ, ಒಳಕ್ಕೆ ಒಬ್ಬ ಹೋಗಿ ಗೋಡೆಗೆ ಬಡಿದ, ಅದೂ ನಿಜ. ತಳ್ಳಿದವನು ಅಪ್ಪ. ತಳ್ಳಿಸಿಕೊಂಡವನು ನಾನು.

ಅವತ್ತು ಬೆಳಗ್ಗೆ ನನಗೆ ಹಿಂದಿನ ರಾತ್ರಿಯ ಸಿಟ್ಟು ಇಳಿದಿರಲಿಲ್ಲ. ಆ ಮಗ್ಗಲು ಬೇಗ ಮುಗಿಸಿ ಮಧ್ಯಾಹ್ನವೇ ಹೋಗಿಬಿಡಬೇಕು ಎಂದಿತ್ತು. ಹುಕ್ಕು ಹಾಕಿದರೆ ನಾಲ್ಕು ಹೆಜ್ಜೆಗೊಮ್ಮೆ ಬಿಚ್ಚಿ ಹಾಕಬೇಕು, ಗೊತ್ತಲ್ಲ. ನಾನು ಹಾಕಲಿಲ್ಲ. ಹಾಕದೆಯೇ "ಹಾಕ್ದೆ" ಎಂದು ಕೂಗಿದೆ. ಅಪ್ಪ ಟ್ಯಾಂಕಿನ ತಿರುವಿನ ಆಚೆ ಇದ್ದ, ನನ್ನ ಬೆಲ್ಟು ಅವನಿಗೆ ಕಾಣುತ್ತಿರಲಿಲ್ಲ. "ಕೇಳ್ತು" ಎಂದ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಆ ಒಂದು ಮಾತಿನಲ್ಲಿ ಸುಳ್ಳು ಹೇಳಿದವರಲ್ಲ, ಅದಕ್ಕೇ ಅವನು ಇಣುಕಿ ನೋಡಲಿಲ್ಲ.

ಬಕೆಟ್ ಎತ್ತುವಾಗ ಹಿಡಿ ಕಳಚಿತು. ಬಣ್ಣ ಹಲಗೆ ತುಂಬಾ ಚೆಲ್ಲಿತು. ಒಂದು ಕಾಲು ಹೊರಗೆ ಜಾರಿತು, ಹಿಂದಕ್ಕೆ ವಾಲಿದೆ, ಹಿಡಿಯಲು ಏನೂ ಇಲ್ಲ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಅಪ್ಪ ತಿರುವಿನಿಂದ ಬಂದ. ಅವನ ಹಗ್ಗ ನನ್ನವರೆಗೆ ಒಂದು ಮೊಳ ಸಾಲಲಿಲ್ಲ. ಹಗ್ಗ ಜಗ್ಗಿ ನಿಂತಿತು. ಆಗ ಅವನು ನನ್ನ ಮುಖ ನೋಡಿಕೊಂಡೇ, ತನ್ನ ಹುಕ್ಕು ತಾನೇ ಬಿಚ್ಚಿದ.

ನನ್ನ ಎರಡೂ ಮುಂಗೈ ಹಿಡಿದು ಒಳಕ್ಕೆ ಎಳೆದ. ಕಾಲ ಕೆಳಗೆ ಬರೀ ಬಣ್ಣ, ಅವನಿಗೂ ಊರಲು ಜಾಗವಿಲ್ಲ. ಗಿರ್ರನೆ ತಿರುಗಿದೆವು, ನಾವು ಚಿಕ್ಕವರಿದ್ದಾಗ ಕೈ ಹಿಡಿದು ಸುತ್ತುತ್ತಿದ್ದೆವಲ್ಲ, ಹಾಗೆ. ತಿರುಗಿ ನಿಂತಾಗ ಗೋಡೆಯ ಕಡೆ ನಾನು, ಹೊರಗಡೆ ಅವನು, ಅಂಚಿನಲ್ಲಿ ಹಿಂದಕ್ಕೆ ವಾಲಿಕೊಂಡು. ನಾನು ಅವನ ಅಂಗಿ ಗಟ್ಟಿಯಾಗಿ ಹಿಡಿದಿದ್ದೆ. ಬಿಟ್ಟಿರಲಿಲ್ಲ ಅಕ್ಕಾ, ಬಿಡುತ್ತಲೂ ಇರಲಿಲ್ಲ. ಹಾಗೇ ಇದ್ದರೆ ಇಬ್ಬರೂ ಹೋಗುತ್ತಿದ್ದೆವು. ಅದು ಅವನಿಗೆ ಗೊತ್ತಾಯಿತು. ಎರಡೂ ಕೈ ನನ್ನ ಎದೆಗೆ ಇಟ್ಟು ದೂಕಿ ಬಿಡಿಸಿಕೊಂಡ.

ನೀನು ಕೇಳಿದಾಗ ಇದನ್ನು ಯಾಕೆ ಬರೆಯಲಿಲ್ಲ? ಬರೆದರೆ ಆ "ಹಾಕ್ದೆ" ಬರೆಯಬೇಕಿತ್ತು. ನಾನು ಹುಕ್ಕು ಹಾಕಿದ್ದರೆ ಅಪ್ಪ ಇವತ್ತು ನಿಮ್ಮ ಊರಲ್ಲಿ ಹೊಸ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದ. ಅಮ್ಮನಿಗೆ ಇದು ತಿಳಿಯುವುದಕ್ಕಿಂತ ಕಾಲು ಜಾರಿದ್ದೇ ವಾಸಿ ಎನಿಸಿತು. ನೀನು "ತಳ್ಳಿದೆ" ಎಂದು ಬರೆದಾಗ, ಒಂದು ಲೆಕ್ಕದಲ್ಲಿ ಹೌದಲ್ಲವೇ ಎಂದುಕೊಂಡೆ. ಅದಕ್ಕೇ ಸುಮ್ಮನಾದೆ.

ಅಮ್ಮನಿಗೆ ಈಗ ಎಲ್ಲ ಹೇಳಿದ್ದೇನೆ. ತುಂಬಾ ಅತ್ತಳು. ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಅದೇ ಕೆನ್ನೆ ಸವರಿ, "ಅವಳಿಗೆ ಬರಿ" ಎಂದಳು.

ತಮ್ಮ

*

ಆಗಸ್ಟ್ ೨೪

ನನ್ನ ಮೊಂಡಾ,

ಪಾರ್ಸೆಲ್ ಬಿಚ್ಚಿದಾಗ ನಿನ್ನ ಭಾವ ಪಕ್ಕದಲ್ಲೇ ಇದ್ದರು. ಅಂಗಿಯ ಮೇಲಿನ ಆ ನಾಲ್ಕು ಬೆರಳಿನ ಮೇಲೆ ನನ್ನ ಕೈ ಇಟ್ಟು ನೋಡಿದೆ. ಆಮೇಲೆ ಏನಾಯಿತೆಂದು ಬರೆಯುವುದಿಲ್ಲ. ಶಾಲೆಗೆ ಎರಡು ದಿನ ಹೋಗಲಿಲ್ಲ.

ಮೂರನೇ ದಿನ ಬಸ್ಸು ಹತ್ತಿ ನೇರ ಆ ಕಚೇರಿಗೆ ಹೋದೆ. ನಿಮ್ಮ ಊರಿಗೆ ಬಂದೂ ಮನೆಗೆ ಬರಲಿಲ್ಲ, ನಿಮ್ಮಿಬ್ಬರ ಮುಖ ನೋಡುವ ಧೈರ್ಯ ಇರಲಿಲ್ಲ. ಅಧಿಕಾರಿಯ ಮೇಜಿನ ಮೇಲೆ ಅಂಗಿ ಹರವಿದೆ, ನಿನ್ನ ಕಾಗದ ಕೊಟ್ಟೆ.

"ಅಲ್ಲ ಟೀಚರ್, ಈ ಮೂರು ಹಾಳೆ ಬರೆದೋರೂ ನೀವೇ ತಾನೆ?" ಎಂದರು ಅವರು.

"ಲೆಕ್ಕ ಸರಿ ಇದೆ ಸಾರ್, ಬರ್ದೋಳು ತಪ್ಪು," ಎಂದೆ.

ಅವರು ನಗಲಿಲ್ಲ. ಅಂಗಿಯ ಮೇಲಿನ ಗುರುತುಗಳನ್ನೂ, ಎಡಗೈಗೆ ನಾಲ್ಕೇ ಬೆರಳು ಎಂದು ಬರೆದಿದ್ದ ಅಪ್ಪನ ಆಸ್ಪತ್ರೆ ಕಾಗದವನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ಹಲಗೆಯ ಮೇಲೆ ಇಬ್ಬರ ಹೆಜ್ಜೆಯೂ ತಿರುಗಿದ ಗುರುತು ಅವರ ಫೋಟೋದಲ್ಲಿ ಮೊದಲಿನಿಂದಲೂ ಇತ್ತು, ಅರ್ಥವಾಗಿರಲಿಲ್ಲವಂತೆ. ಠಾಣೆಗೆ ಅವರೇ ಬರೆಯುತ್ತಾರೆ. ಇಪ್ಪತ್ತೆಂಟಕ್ಕೆ ನೀನು ಠಾಣೆಗೆ ಹೋಗಿ ನಿನ್ನ ಕಾಗದದಲ್ಲಿ ಇರುವುದನ್ನೇ ಹೇಳು, ಆ "ಹಾಕ್ದೆ"ಯನ್ನೂ ಸೇರಿಸಿ. ಇನ್ನು ಏನನ್ನೂ ಮುಚ್ಚಬೇಡ.

ಎಷ್ಟೋ ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ, ಬಲ ಯಾವಾಗಲೂ ಇಬ್ಬರ ನಡುವೆ ಇರುತ್ತದೆ ಎಂದು. ಹೀಗಿದ್ದೂ ತಳ್ಳಿದವನು ಯಾರೆಂದು ಲೆಕ್ಕವೇ ಹೇಳಿತು ಎಂದು ನಂಬಿದೆ. ಲೆಕ್ಕ ಅದನ್ನು ಹೇಳುವುದೇ ಇಲ್ಲ. ಅದನ್ನು ಬರೆದವಳು ನಾನು, ನನ್ನ ಅನುಮಾನದಿಂದ. ನಿನ್ನ ಕ್ಷಮೆ ಕೇಳುತ್ತೇನೆ. ಈಗಲೇ ಕೊಡಬೇಕೆಂದಿಲ್ಲ.

ಅಕ್ಕ

*

ಸೆಪ್ಟೆಂಬರ್ ೨

ಅಕ್ಕಾ,

ಹೋಗಿ ಹೇಳಿ ಬಂದೆ. ಬರೆದುಕೊಂಡು ಸಹಿ ಮಾಡಿಸಿದರು. ನನಗೆ ಆರು ತಿಂಗಳು ಎತ್ತರದ ಕೆಲಸ ಮಾಡಬಾರದು ಎಂದಿದ್ದಾರೆ. ಒಳ್ಳೆಯದೇ ಆಯಿತು, ಏಣಿ ಹತ್ತಲು ನನಗೂ ಮನಸ್ಸಿಲ್ಲ. ಕಡತ ಮುಚ್ಚುತ್ತಾರೆ. ನೀನು ಮನೆಗೆ ಬಾ. ಊರಿಗೆ ಬಂದು ಹಾಗೇ ಹೋದಳಾ ಎಂದು ಅಮ್ಮ ಬೈಯುತ್ತಿದ್ದಾಳೆ, ಅಂದರೆ ಕೋಪ ಇಳಿದಿದೆ ಎಂದೇ ಅರ್ಥ.

ಒಂದು ಕೇಳಬೇಕಿತ್ತು. ಬೇರೆ ಯಾರನ್ನು ಕೇಳಲಿ? ಅಪ್ಪ ಬೀಳುವಾಗ ಕೂಗಲಿಲ್ಲ. ಗೋಡೆಗೆ ಬಡಿದು ನನಗೆ ಕಣ್ಣು ಕತ್ತಲಿಟ್ಟಿತು, ನಾನು ಅವನನ್ನು ನೋಡಲಿಲ್ಲ. ನಾನು ಉಳಿದೆ ಎಂದು ಅವನಿಗೆ ಗೊತ್ತಾಯಿತೋ ಇಲ್ಲವೋ? ದೂಕಿದ್ದಷ್ಟೇ, ಏನಾಯಿತೆಂದು ತಿಳಿಯದೆಯೇ ಹೋದನೋ ಅನಿಸಿದರೆ ನಿದ್ದೆ ಹತ್ತುವುದಿಲ್ಲ. ನಿನ್ನ ಲೆಕ್ಕದಲ್ಲಿ ಅದು ಸಿಗುತ್ತದೆಯೇ? ಸಮಾಧಾನಕ್ಕೆ ಹೇಳಬೇಡ. ಸಿಗದಿದ್ದರೆ ಸಿಗುವುದಿಲ್ಲ ಎಂದೇ ಬರೆ.

ತಮ್ಮ

*

ಸೆಪ್ಟೆಂಬರ್ ೬

ತಮ್ಮಾ,

ಸಿಗುತ್ತದೆ. ಮೂರು ಸಲ ಮಾಡಿದೆ. ನನ್ನ ಮೇಲೆ ನನಗೇ ನಂಬಿಕೆ ಹೋಗಿರುವುದರಿಂದ ನಿನ್ನ ಭಾವನಿಗೆ ಬರೀ ಅಂಕಿ ಕೊಟ್ಟು, ಏನೆಂದು ಹೇಳದೆ ಇನ್ನೊಂದು ಸಲ ಮಾಡಿಸಿದೆ. ಅದೇ ಬಂತು.

ಅಪ್ಪ ದೂಕಿದಾಗ ನಿನ್ನ ಬೆನ್ನಿಗೂ ಗೋಡೆಗೂ ನಡುವೆ ಅರ್ಧ ಮೀಟರ್ ಇತ್ತು. ಫೋಟೋದಲ್ಲಿ ಹೆಜ್ಜೆ ಗುರುತು ನೋಡಿ ಅಧಿಕಾರಿ ಅಳತೆ ಕೊಟ್ಟರು. ನಿನ್ನ ವೇಗ ಸೆಕೆಂಡಿಗೆ ಒಂದೂ ಕಾಲು ಮೀಟರ್. ನೀನು ಗೋಡೆ ಮುಟ್ಟಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಸಾಕು. ಅಷ್ಟು ಹೊತ್ತಿನಲ್ಲಿ ಬೀಳುವವನು ಎಷ್ಟು ಕೆಳಗೆ ಹೋಗುತ್ತಾನೆ ಗೊತ್ತೇ? ಬೀಳುವುದು ಮೊದಮೊದಲು ಬಹಳ ನಿಧಾನ. ಎಂಬತ್ತು ಸೆಂಟಿಮೀಟರ್ ಕೂಡ ಇಲ್ಲ, ಅಪ್ಪನ ಸೊಂಟದಷ್ಟೂ ಇಲ್ಲ. ನಿಂತಾಗ ಅವನ ಕಣ್ಣು ಹಲಗೆಯಿಂದ ಒಂದೂವರೆ ಮೀಟರ್ ಮೇಲೆ, ಅದರಿಂದ ಇದನ್ನು ಕಳೆದೆ, ಹಿಂದಕ್ಕೆ ವಾಲಿದ್ದನೆಂದು ಇನ್ನೂ ಅರ್ಧ ಮೀಟರ್ ಕಳೆದೆ. ಕಳೆದರೂ ಅವನ ಕಣ್ಣು ಹಲಗೆಗಿಂತ ಮೇಲೆಯೇ ಇತ್ತು.

ಎದೆಗೆ ಕೈ ಇಟ್ಟು ದೂಕಿದವನ ಮುಖ ನಿನ್ನ ಕಡೆಗೇ ಇರಬೇಕು. ಬೇರೆ ಹೇಗೂ ಆಗುವುದಿಲ್ಲ. ನಿನ್ನ ಬೆನ್ನು ಗೋಡೆಗೆ ಬಡಿದದ್ದು, ನೀನು ಹಲಗೆಯ ಮೇಲೆ ಉಳಿದದ್ದು ಅವನ ಕಣ್ಣೆದುರಿಗೇ ಆಯಿತು. ಆಮೇಲೂ ಅವನು ನೆಲ ಮುಟ್ಟಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ಇತ್ತು.

ಸಮಾಧಾನಕ್ಕೆ ಹೇಳುತ್ತಿಲ್ಲ. ಅಷ್ಟು ಹೊತ್ತೂ ಅಪ್ಪನಿಗೆ ಗೊತ್ತಿತ್ತು.

ಅಕ್ಕ